ಹಕ್ಕಿ ಸುದ್ದಿಗೂ ನಾಲ್ಕು ಸಾಲು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಒಂದು ಫೋಟೊ ಬಂದಿತ್ತು. ಚೆಂದದ ಫೋಟೊ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣ, ಮೊಣಕಾಲು ನೀರಲ್ಲಿ ನಿಂತ ಆರು ಕೊಕ್ಕರೆ. ಕೆಳಗೆ ‘ಸೈಬೀರಿಯಾದಿಂದ ಬಂದ ವಿದೇಶಿ ಅತಿಥಿಗಳು’ ಎಂದು ಹಾಕಿದ್ದಿರಿ. ಅವು ಬಣ್ಣದ ಕೊಕ್ಕರೆ. ಸೈಬೀರಿಯಾದ ಮುಖವನ್ನೇ ಕಂಡಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಜನರ ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿ ಅದು. ಒಂದು ಕೆರೆ ಬತ್ತಿದರೆ ಇನ್ನೊಂದು ಕೆರೆಗೆ ಹೋಗುತ್ತದೆ, ಅಷ್ಟೇ.

ನಿಮ್ಮೊಬ್ಬರ ತಪ್ಪಲ್ಲ ಬಿಡಿ. ನಮ್ಮಲ್ಲಿ ಉದ್ದ ಕಾಲಿನ ಯಾವ ಹಕ್ಕಿ ನೀರಲ್ಲಿ ನಿಂತರೂ ಅದು ಸೈಬೀರಿಯಾದ್ದೇ. ನಿಜವಾಗಿ ಆ ಹೆಸರಿನ ಬಿಳಿ ಸೈಬೀರಿಯನ್ ಕ್ರೇನ್ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 2002ರ ನಂತರ ಅಲ್ಲಿಗೂ ಬಂದಿಲ್ಲ. ಬೋನಾಳಕ್ಕೆ ದೂರದಿಂದ ಬರುವವರ ಹೆಸರು ಬೇಕೇ ಬೇಕು ಅಂದರೆ ಪಟ್ಟೆತಲೆ ಹೆಬ್ಬಾತು ಇದೆಯಲ್ಲ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಜಾಡು ಹಿಡಿಯುವ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಆದರೆ ಅದರ ಬಣ್ಣ ಬೂದಿ. ಫೋಟೊದಲ್ಲಿ ಅಷ್ಟು ಮೆರೆಯುವುದಿಲ್ಲ. ಹಾಗಾಗಿ ಕೊಕ್ಕರೆಗೇ ಪಾಸ್‌ಪೋರ್ಟ್ ಕೊಟ್ಟುಬಿಡುತ್ತೀರಿ.

ಆದರೆ ನಾನು ಪೆನ್ನು ಹಿಡಿದದ್ದು ಸೈಬೀರಿಯಾಕ್ಕಲ್ಲ. ‘ಅತಿಥಿ’ ಅನ್ನುವ ಮಾತಿಗೆ. ಆ ಮಾತಿನ ಜೊತೆ ನನಗೆ ಹಳೆಯ ಜಗಳ ಇದೆ.

ನಮ್ಮದು ಸುರಪುರ ತಾಲ್ಲೂಕಿನ ಹಳ್ಳಿ. ಎರಿ ಭೂಮಿ. ಹಿಂಗಾರಿ ಬಿಳಿಜೋಳವೇ ನಮ್ಮ ಬದುಕು. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಎಳ್ಳಮಾವಾಸ್ಯೆಯ ಆಚೆ ಈಚೆ, ಹೆಣ್ಣುಮಕ್ಕಳಿಗೆ ಶಾಲೆ ಬಿಡಿಸಿ ಹೊಲಕ್ಕೆ ಕಳಿಸುತ್ತಿದ್ದರು. ಹಕ್ಕಿ ಕಾಯುವುದಕ್ಕೆ. ನಾಲ್ಕು ಕಂಬ ನೆಟ್ಟು ಮೇಲೆ ಕಟ್ಟಿಗೆ ಹಾಸಿದ ಅಟ್ಟ. ಕೈಯಲ್ಲಿ ಕವಣಿ, ಪಕ್ಕದಲ್ಲಿ ಬಡಿಯುವುದಕ್ಕೆ ಒಂದು ಎಣ್ಣೆ ಡಬ್ಬಿ. ಅವು ಬರುವುದು ಒಂದೆರಡಲ್ಲ. ಒಂದು ಮೋಡ ಬಾಗಿದ ಹಾಗೆ ಬಾಗಿ, ಹೊಲದ ಮೇಲೆ ಒಮ್ಮೆ ಸುತ್ತಿ, ಸರ್ರನೆ ತೆನೆಗಳ ಮೇಲೆ ಇಳಿಯುತ್ತವೆ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ತಿಳಿ ಗುಲಾಬಿ. ನಮ್ಮೂರಲ್ಲಿ ಎಲ್ಲರೂ ‘ಜ್ವಾಳದ ಹಕ್ಕಿ’ ಅನ್ನುತ್ತಿದ್ದರು. ಗುಲಾಬಿ ಕಬ್ಬಕ್ಕಿ ಅನ್ನುವ ಹೆಸರು ನನಗೆ ಗೊತ್ತಾದದ್ದು ಎಂ.ಎಸ್ಸಿ.ಗೆ ಬಂದ ಮೇಲೆ.

1972ರ ಬರದಲ್ಲಿ ನನಗೆ 11 ವರ್ಷ. ಜೋಳ ಮೊಣಕಾಲೆತ್ತರಕ್ಕೇ ನಿಂತಿತ್ತು. ಹಕ್ಕಿಗಳು ಬಂದವು, ಎರಡು ದಿನ ಸುತ್ತಿದವು, ಮೂರನೇ ದಿನ ಇಲ್ಲ. ಅವ್ವ ಕಟ್ಟೆ ಮೇಲೆ ಕೂತು ಅಂದಳು: “ಹಕ್ಕೀನೂ ನಮ್ಮ ಹೊಲ ಬ್ಯಾಡ ಅಂದ್ವು ನೋಡು.” ಅವಳಿಗೆ ಅದು ಸಂಕಟ. ನನಗೆ ಮಾತ್ರ ‘ಹಂಗಾರ ಎಲ್ಲಿಗೆ ಹೋದ್ವು?’ ಅನ್ನೋದೇ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ನಾನು ಮಾಡಿದ ಓದು, ಪಿಎಚ್.ಡಿ, 30 ವರ್ಷದ ಅಲೆದಾಟ ಎಲ್ಲ ಆ ಒಂದು ಪ್ರಶ್ನೆಯ ಸುತ್ತಲೇ.

ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿದೆ. ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದಾಗ ಹಿರಿಯರೊಬ್ಬರು ನಕ್ಕರು. ಮೀನು ಮಾಡಿ, ರೇಷ್ಮೆ ಹುಳು ಮಾಡಿ, ಲ್ಯಾಬಿನಲ್ಲೇ ಮುಗಿಯುತ್ತದೆ, ಹೆಣ್ಣುಮಕ್ಕಳು ಬೆಳಗಿನ ಐದಕ್ಕೆ ಹೊಲದಲ್ಲಿ ಏನು ಮಾಡ್ತೀರಿ ಅಂದರು. ಜೋಳದ ಹೊಲದಲ್ಲಿ ಬೆಳಗಿನ ಐದಕ್ಕೆ ಹೆಣ್ಣುಮಕ್ಕಳೇ ಇರೋದು ಅಂತ ಹೇಳಬೇಕಿತ್ತು. ಆಗ ಬಾಯಿ ಬರಲಿಲ್ಲ.

ನನ್ನ ಕೆಲಸ ಏನಿತ್ತು ಅಂತ ಹೇಳಿಬಿಡುತ್ತೇನೆ. ಸಂಶೋಧನೆ ಅಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಒಂದು ತೆನೆ ಆರಿಸಿಕೊಳ್ಳುವುದು. ಹಕ್ಕಿ ಬಂದು ಕೂತರೆ ದಂಟು ಬಾಗುತ್ತದೆ. ಅದು ಜೋತುಬಿದ್ದ ಹಾಗೆ ತಲೆ ಕೆಳಗೆ ಮಾಡಿ ಕಾಳನ್ನು ಹಿಸುಕುತ್ತದೆ. ಕೊಕ್ಕಿನ ತುದಿಗೆ ಬಿಳಿ ಹಾಲು ಅಂಟುತ್ತದೆ. ಅದನ್ನು ಪಕ್ಕದ ಎಲೆಗೆ ಎರಡು ಸಲ ಒರೆಸಿ ಮತ್ತೆ ಶುರು. ಒಂದು ನಿಮಿಷಕ್ಕೆ ಎಷ್ಟು ಕುಕ್ಕಿತು, ಗಡಿಯಾರ ನೋಡಿ ಬರೆಯುವುದು. ಹತ್ತು ನಿಮಿಷ ಬಿಟ್ಟು ಇನ್ನೊಂದು ಹಕ್ಕಿ. ಸಂಜೆ ಅವು ಬಳ್ಳಾರಿ ಜಾಲಿಯ ಕಂಟಿಗಳಿಗೆ ಮಲಗಲು ಬರುವಾಗ ಗುಂಪು ಎಣಿಸುವುದು. ಎಲ್ಲವನ್ನೂ ಎಣಿಸಲು ಆಗುವುದಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಆಕಾಶದಲ್ಲಿ ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲೇ ಅಳತೆ ಇಟ್ಟುಕೊಂಡು, ಆ ಅಳತೆಯಲ್ಲಿ ಗುಂಪನ್ನು ಹತ್ತತ್ತಾಗಿ ಕತ್ತರಿಸುತ್ತ ಹೋಗಬೇಕು. ಸಂತೆಯಲ್ಲಿ ಮೆಣಸಿನಕಾಯಿ ರಾಶಿ ನೋಡಿ ತೂಕ ಹೇಳುವವರ ಲೆಕ್ಕ ಇದ್ದ ಹಾಗೆ. ಮೊದಲ ವರ್ಷ ನನ್ನ ಲೆಕ್ಕ ಪೂರ್ತಿ ದಾರಿ ತಪ್ಪಿತ್ತು. ಆಮೇಲೆ ಕೈ ಕೂತಿತು.

ಒಮ್ಮೆ ಒಬ್ಬ ಕುರಿಗಾಹಿ ನನ್ನ ಪಕ್ಕ ಬಂದು ಕೂತು ತುಂಬಾ ಹೊತ್ತು ಸುಮ್ನೆ ನೋಡಿದ. ಆಮೇಲೆ ಕೇಳಿದ: “ಅಕ್ಕಾರ, ಹಕ್ಕಿ ಎಣಿಸಿದ್ರ ಪಗಾರ ಕೊಡ್ತಾರೇನ್ರಿ?” ಇಲ್ಲಪ್ಪ, ಕಪ್ಪೆ ಕೊಯ್ಯೋದು ಕಲಿಸಿದ್ದಕ್ಕೆ ಕೊಡ್ತಾರೆ ಅಂದೆ. ಅವನಿಗೆ ಅದು ಇನ್ನೂ ವಿಚಿತ್ರ ಅನಿಸಿತು. ಆದರೆ ನನ್ನ ಪಿಎಚ್.ಡಿ.ಗೆ ದಾರಿ ತೋರಿಸಿದವನು ಅವನೇ. “ನೀವು ತೆನಿ ಮ್ಯಾಲೆ ಕುಂತಾವ್ನ ಅಷ್ಟ ನೋಡ್ತೀರಿ. ನನ್ನ ಕುರಿ ಹಿಂದ ಬರೋವ್ನ ನೋಡ್ರಿ” ಅಂದ. ನೋಡಿದೆ. ಕುರಿ ಹೆಜ್ಜೆ ಇಟ್ಟಲ್ಲೆಲ್ಲ ಮಿಡತೆ ಚಿಮ್ಮುತ್ತವೆ. ಹಕ್ಕಿಗಳು ಕುರಿಗಳ ಕಾಲ ಸಂದಿಯಲ್ಲೇ ಓಡಾಡುತ್ತ ಅವನ್ನು ಹಿಡಿಯುತ್ತವೆ. ಹಿಂದಿನ ಸಾಲಿನವು ಹಾರಿ ಮುಂದೆ ಬರುತ್ತವೆ, ಮತ್ತೆ ಅವುಗಳ ಹಿಂದಿನವು. ಗುಂಪಿಗೆ ಗುಂಪೇ ಉರುಳಿಕೊಂಡು ಹೋದ ಹಾಗೆ ಕಾಣುತ್ತದೆ. ಹಾಲುಗಾಳಿನ ಎರಡು ಮೂರು ವಾರ ಅವು ನಮಗೆ ಕಳ್ಳರು, ನಿಜ. ನಮ್ಮ ಅವ್ವನ ಎದುರು ಅದನ್ನು ನಾನು ಯಾವತ್ತೂ ಅಲ್ಲ ಅಂದಿಲ್ಲ. ಉಳಿದ ತಿಂಗಳೆಲ್ಲ ಮಿಡತೆ, ಕೀಡಿ, ಆಲದ ಹಣ್ಣು. ಮುತ್ತುಗ ಹೂ ಬಿಟ್ಟಾಗ ಅದರ ರಸ ಕುಡಿದು ಹಣೆಗೆಲ್ಲ ಹಳದಿ ಪರಾಗ ಮೆತ್ತಿಕೊಂಡಿರುತ್ತವೆ.

ಈಗ ಅತಿಥಿ ವಿಷಯಕ್ಕೆ ಬರುತ್ತೇನೆ. ಈ ಹಕ್ಕಿ ಮರಿ ಮಾಡುವುದು ಕಝಾಕಿಸ್ತಾನ, ಉಜ್ಬೇಕಿಸ್ತಾನದ ಹುಲ್ಲುಬಯಲು, ಕಲ್ಲುಗುಡ್ಡಗಳಲ್ಲಿ. ಅಲ್ಲಿ ಮಿಡತೆ ಹೆಚ್ಚುವ ಹೊತ್ತಿಗೆ ಸರಿಯಾಗಿ ಮೊಟ್ಟೆ ಇಟ್ಟು, ಮರಿ ಬೆಳೆಸಿ, ಗಡಿಬಿಡಿಯಲ್ಲಿ ಮುಗಿಸಿಬಿಡುತ್ತದೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಇವು ಬಂದು ಮಿಡತೆ ತಿನ್ನಲಿ ಅಂತಲೇ ಕಲ್ಲಿನ ರಾಶಿ ಹಾಕಿ ಗೂಡಿಗೆ ಜಾಗ ಮಾಡಿಕೊಡುತ್ತಾರೆ. ಅಲ್ಲಿ ಕರೆದು ಕೂರಿಸುತ್ತಾರೆ, ಇಲ್ಲಿ ಡಬ್ಬಿ ಬಡಿಯುತ್ತೇವೆ. ಇಬ್ಬರದೂ ಸರಿಯೇ. ಜುಲೈ, ಆಗಸ್ಟ್ ಹೊತ್ತಿಗೆ ಆಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯಿಂದ ನಮ್ಮ ದೇಶಕ್ಕೆ ಇಳಿಯಲು ಶುರು. ಹೋಗುವುದು ಏಪ್ರಿಲ್‌ನಲ್ಲಿ. ನೀವೇ ಲೆಕ್ಕ ಹಾಕಿ. ವರ್ಷದಲ್ಲಿ ಎಂಟು ತಿಂಗಳು ನಮ್ಮಲ್ಲಿ ಉಣ್ಣುವವರನ್ನು ಅತಿಥಿ ಅಂತಾರೇನು? ನಮ್ಮ ಕಡೆ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಹೋಗಿ ಬರುತ್ತಾರಲ್ಲ, ಹಾಗೆ ಈ ಹಕ್ಕಿ ಕಝಾಕಿಸ್ತಾನಕ್ಕೆ ಹೋಗಿ ಬರುತ್ತದೆ.

ಇದನ್ನೇ ನಾನು ಸ್ವಲ್ಪ ಗಂಭೀರ ಭಾಷೆಯಲ್ಲಿ ಬರೆದು ಹೊರದೇಶದ ಒಂದು ಪತ್ರಿಕೆಗೆ ಕಳಿಸಿದ್ದೆ. ವಾಪಸ್ ಬಂತು. ಚಳಿಗಾಲದ ತಂಗುದಾಣದ ಸ್ಥಳೀಯ ವಿಚಾರ, ನಮ್ಮ ಓದುಗರಿಗೆ ಅಷ್ಟು ಆಸಕ್ತಿ ಇರಲಾರದು ಅಂತ ಒಂದು ಸಾಲು. ಬೇಜಾರಾಯಿತು. ಆದರೆ ಒಂದು ಅರ್ಥವಾಯಿತು. ವಲಸೆಯ ವಿಜ್ಞಾನ ಬೆಳೆದದ್ದು ಜಾಸ್ತಿ ಚಳಿ ದೇಶಗಳಲ್ಲಿ. ಅವರ ಕಣ್ಣಿಗೆ ಹಕ್ಕಿಯ ಮನೆ ಅಂದರೆ ಗೂಡು ಇರುವ ಜಾಗ. ಉಳಿದದ್ದು ತಂಗುದಾಣ. ನಾವೂ ಅದನ್ನೇ ಓದಿ, ಅದನ್ನೇ ಕಲಿಸಿ, ಕೊನೆಗೆ ಫೋಟೊ ಕೆಳಗೆ ‘ಅತಿಥಿ’ ಅಂತ ಬರೆಯುತ್ತೇವೆ. ಉಷ್ಣ ದೇಶದ ನಮಗೆ ವಲಸೆ ಅಂದರೆ ಚಳಿ ತಪ್ಪಿಸಿಕೊಂಡು ಬರುವುದಷ್ಟೇ ಅಲ್ಲ. ಚಾತಕ ನೋಡಿ. ಆಫ್ರಿಕಾದಿಂದ ಮುಂಗಾರಿನ ಜೊತೆ ಬರುತ್ತದೆ, ಬಂದು ಇಲ್ಲೇ ಬೇರೆ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ಮಳೆಯೇ ಕ್ಯಾಲೆಂಡರ್. 1972ರಲ್ಲಿ ನಮ್ಮ ಹೊಲ ಬಿಟ್ಟು ಹೋದ ಹಕ್ಕಿಗಳೂ ಅಷ್ಟೇ, ಎಲ್ಲಿ ಮಳೆ ಆಗಿ ಹುಳ, ಕಾಳು ಇತ್ತೋ ಅಲ್ಲಿಗೆ ಸರಿದಿರುತ್ತವೆ.

ತರಗತಿಯಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಒಂದು ಪ್ರಯೋಗ ಇದೆ. ಪಠ್ಯದಲ್ಲಿ ಇರಲಿಲ್ಲ, ಆದರೂ ಹೇಳುತ್ತಿದ್ದೆ. ನಮ್ಮ ಜ್ವಾಳದ ಹಕ್ಕಿ ಬರುವಾಗ ಮೊದಲು ದೊಡ್ಡವು ಬರುತ್ತವೆ, ಮಣ್ಣು ಬಣ್ಣದ ಮರಿಗಳು ಆಮೇಲೆ. ಒಬ್ಬ ಹುಡುಗಿ ಕೇಳಿದಳು: ಮೇಡಂ, ಮರಿಗಳಿಗೆ ದಾರಿ ಹೇಗೆ ಗೊತ್ತು? ಇದೇ ಪ್ರಶ್ನೆ ನೆದರ್ಲೆಂಡ್ಸ್‌ನ ಪರ್ಡೆಕ್ ಅನ್ನುವ ವಿಜ್ಞಾನಿಗೂ ಇತ್ತು. ಆತ ಹೇಗ್ ನಗರದ ಹತ್ತಿರ ವಲಸೆ ಹೊರಟಿದ್ದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್‌ಗಳನ್ನು, ಅಂದರೆ ನಮ್ಮ ಹಕ್ಕಿಯ ದಾಯಾದಿಗಳನ್ನು, ಹಿಡಿದು ಗುರುತಿಗೆ ಕಾಲಿಗೆ ಉಂಗುರ ಹಾಕಿ ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟ. ದೊಡ್ಡವು ತಾವು ದಾರಿ ತಪ್ಪಿದ್ದು ತಿಳಿದು ತಿರುಗಿ, ಮೊದಲಿನ ಜಾಗ ಹುಡುಕಿಕೊಂಡು ಉತ್ತರ ಫ್ರಾನ್ಸ್, ಇಂಗ್ಲೆಂಡ್ ಕಡೆ ಹೋದವು. ಮರಿಗಳು ತಮಗೆ ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ನೇರ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ತಲುಪಿದವು. 1958ರಲ್ಲಿ ಇದು ಪ್ರಕಟವಾಯಿತು. ಮರಿಗೆ ದಿಕ್ಕು ಗೊತ್ತು, ಊರು ಗೊತ್ತಿಲ್ಲ. ಒಂದು ಸಲ ಹೋಗಿ ಬಂದದ್ದಕ್ಕೆ ಊರೂ ಗೊತ್ತು. ಪ್ರಶ್ನೆ ಕೇಳಿದ ಹುಡುಗಿ ಇದನ್ನು ಕೇಳಿ, “ಅಂದ್ರೆ ನಮ್ಮ ಹೊಲ ಅದಕ್ಕೆ ನೆನಪಿರ್ತದ ಮೇಡಂ?” ಅಂದಳು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ.

ನಮ್ಮ ದೇಶದಲ್ಲಿ ಹಕ್ಕಿಗಳಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ಹಾಕಲು ದುಡ್ಡು ಬಂದದ್ದರ ಹಿಂದೆ ಕರ್ನಾಟಕದ ಕಥೆಯೇ ಇದೆ, ಗೊತ್ತಿರಲಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಅದರ ವೈರಸ್ ರಷ್ಯಾದ ಒಂದು ರೋಗದ ವೈರಸ್ಸಿಗೆ ಹತ್ತಿರದ್ದು. ವಲಸೆ ಹಕ್ಕಿಗಳ ಮೈಮೇಲಿನ ರಕ್ತ ಹೀರುವ ಉಣ್ಣಿಗಳು ತಂದವೇನೋ ಅಂತ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಪಕ್ಷಿ ವಿಜ್ಞಾನಿ ಸಾಲಿಂ ಅಲಿ ಅವರ ಮುಂದಾಳ್ತನದಲ್ಲಿ ಉಂಗುರದ ಕೆಲಸ ಹಿಡಿದರು. ಹಕ್ಕಿ ಎಣಿಸಿ ಏನುಪಯೋಗ ಅಂತ ಕೇಳುವವರಿಗೆ ನಾನು ಈ ಕಥೆ ಹೇಳಿ ಸುಮ್ಮನಾಗುತ್ತೇನೆ.

ಅದೇ ಸಾಲಿಂ ಅಲಿ 1930ರ ದಶಕದ ಆರಂಭದಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ಬೀದರ್, ಕಲಬುರಗಿ, ನಮ್ಮ ಸುರಪುರ ಎಲ್ಲ ನಿಜಾಮರದ್ದೇ. ವರದಿ 1933-34ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ನನ್ನ ಕೈಗೆ ಅದರ ಜೆರಾಕ್ಸ್ ಸಿಕ್ಕಿದಾಗ ಮಸಿ ಅರ್ಧ ಹಾರಿತ್ತು. ಆದರೂ ಅದೊಂದು ನೆಲೆಗಟ್ಟು. ಅದರ ಮೇಲೆ ನಾವು ಏನು ಕಟ್ಟಿದ್ದೇವೆ ಅನ್ನೋದೇ ನನ್ನ ತಕರಾರು.

ನಾನು ಕಟ್ಟಿದ್ದನ್ನೇ ಹೇಳುತ್ತೇನೆ. 1989ರಿಂದ 2013ರವರೆಗೆ ವರ್ಷಕ್ಕೊಂದರಂತೆ ಉದ್ದ ನೋಟ್‌ಬುಕ್. ಮೊದಲ ಗುಂಪು ಬಂದ ದಿನ, ಕೊನೆಯದು ಹೋದ ದಿನ, ಜಾಲಿ ಕಂಟಿಯ ಸಂಜೆ ಲೆಕ್ಕ, ಆ ವಾರದ ಮಳೆ, ಸುತ್ತಲ ಹೊಲದಲ್ಲಿ ಏನು ಬೆಳೆ. ಕಾಲೇಜಿನ ಸ್ಟಾಫ್ ರೂಮಿನ ಕಬ್ಬಿಣದ ಅಲ್ಮೇರಾದಲ್ಲಿ ಇಟ್ಟಿದ್ದೆ. ಯಾವುದೋ ಸಮಿತಿ ಬರುತ್ತದೆ ಅಂತ ಸುಣ್ಣ ಬಣ್ಣ ಹೊಡೆಸಿದರು. ನಾನು ಮಗಳ ಹೆರಿಗೆಗೆ ರಜೆಯಲ್ಲಿದ್ದೆ. ಬಂದು ನೋಡಿದರೆ ಅಲ್ಮೇರಾ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು, ಒಳಗೆ ಖಾಲಿ. ಹಳೇ ಉತ್ತರ ಪತ್ರಿಕೆ ಅಂದುಕೊಂಡು ರದ್ದಿಗೆ ಹಾಕಿದ್ದರು. ರದ್ದಿ ಅಂಗಡಿಗೆ ಓಡಿದೆ. ಲಾರಿ ಹೈದರಾಬಾದಿಗೆ ಹೋಗಿ ನಾಲ್ಕು ದಿನ ಆಗಿದೆ ಅಂದ. ನಕಲು ಮಾಡಲು ಮನೆಗೆ ತಂದಿದ್ದ ಮೂರು ಉಳಿದಿವೆ. ಯಾರನ್ನೂ ಬೈಯಲಿಲ್ಲ. ಬೈದರೆ ಯಾರನ್ನು ಬೈಯಬೇಕು? ನಕಲು ಮಾಡಿ ಇಡದೆ ಇದ್ದವಳು ನಾನೇ. ಹಕ್ಕಿ ಲೆಕ್ಕ ಅಂದರೆ ಎಸೆಯಬಾರದ ಕಾಗದ ಅಂತ ಆ ಜವಾನನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಪ್ರಾಂಶುಪಾಲರಿಗೂ ಹೇಳಿರಲಿಲ್ಲ ಅನ್ನಿ.

ಆ 25 ವರ್ಷದಲ್ಲಿ ಏನೇನು ಬದಲಾಯಿತು ಅಂತ ಈಗ ನಾನು ನೆನಪಿನಿಂದ ಹೇಳಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಕಡೆ ಸುರಪುರ, ಶಹಾಪುರದಲ್ಲಿ ಜೋಳ ಹೋಗಿ ಭತ್ತ ಬಂತು. ಬೆಳ್ಳಕ್ಕಿ, ಕೆಂಬರಲು ಹೆಚ್ಚಿದವು. ನೆಲಗುಬ್ಬಿ ಹಾಡು ಕೇಳಲು ಈಗ ಬೈಕ್ ಹತ್ತಿ ದೂರ ಹೋಗಬೇಕು. ಕಲಬುರಗಿ ಕಡೆ ಜೋಳದ ಜಾಗಕ್ಕೆ ತೊಗರಿ. ಜ್ವಾಳದ ಹಕ್ಕಿ ಈಗಲೂ ಬರುತ್ತದೆ, ಆದರೆ ಅಟ್ಟ ಕಟ್ಟುವವರು ಕಡಿಮೆ. ತೊಗರಿಯಲ್ಲಿ ಕಾಯಿಕೊರಕ ಬಿದ್ದಾಗ ತಾಡಪತ್ರಿ ಹಾಸಿ ಗಿಡ ಅಲುಗಾಡಿಸಿ ಕೀಡಿ ಉದುರಿಸುತ್ತೇವಲ್ಲ, ಅದೇ ಕೀಡಿಯನ್ನು ಕಾಜಾಣ, ಗೊರವಂಕ ಪುಕ್ಕಟೆ ಹೆಕ್ಕುತ್ತವೆ. ತೊಗರಿ ಬೀಜದಲ್ಲಿ ಸ್ವಲ್ಪ ಜೋಳ ಬೆರೆಸಿ ಬಿತ್ತಿ, ಹಕ್ಕಿ ಕೂರಲು ಕೋಲು ನೆಡಿ ಅಂತ ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಹಾಗಿದ್ದರೆ ಯಾವ ಹಕ್ಕಿ ಯಾವ ವಾರ ಬರುತ್ತದೆ ಅನ್ನೋದು ರೈತರಿಗೂ ಬೇಕಾದ ಸುದ್ದಿಯೇ ಅಲ್ವಾ?

ಈಗ ಕಾಲ ಒಳ್ಳೆಯದಿದೆ. ಮೊಬೈಲಿನಲ್ಲೇ ಹಕ್ಕಿ ಪಟ್ಟಿ ಹಾಕಬಹುದು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತದ್ದೇ ಸುಮಾರು 30,000 ಹಕ್ಕಿ ವೀಕ್ಷಕರು ಹಾಗೆ ಕೊಟ್ಟ 3 ಕೋಟಿ ದಾಖಲೆಗಳ ಮೇಲೆ. ಅದರಲ್ಲಿ ಬೆಂಗಳೂರು, ಮೈಸೂರಿನವರ ಪಾಲು ಜಾಸ್ತಿ ಇದ್ದರೆ ಆಶ್ಚರ್ಯ ಇಲ್ಲ. ನಮ್ಮ ಕಡೆ ಹುಡುಗರಲ್ಲೂ ಕಣ್ಣಿದೆ, ಫೋನಿದೆ. ನಿಮಗೆ ಕೊಕ್ಕರೆ ಫೋಟೊ ಕಳಿಸಿದವನೇ ಸಾಕ್ಷಿ. ಎಷ್ಟು ತಾಳ್ಮೆಯಿಂದ ಕಾದು ತೆಗೆದಿದ್ದಾನೆ! ಅವನಿಗೆ ಬೇಕಿದ್ದದ್ದು ತಾನು ನೋಡಿದ್ದನ್ನು ಬರೆದಿಡಲು ಒಂದು ಜಾಗ, ತಪ್ಪಿದ್ದರೆ ತಿದ್ದಲು ಒಬ್ಬರು.

ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಪುಟದಲ್ಲಿ ನೀವು ಜಲಾಶಯದ ಮಟ್ಟ ಹಾಕುತ್ತೀರಿ. ತೊಗರಿ ದರ ಹಾಕುತ್ತೀರಿ. ಮಳೆ ಎಷ್ಟು ಮಿಲಿಮೀಟರ್ ಅಂತ ಹಾಕುತ್ತೀರಿ. ಅದರ ಕೆಳಗೆ ವಾರಕ್ಕೊಮ್ಮೆ ನಾಲ್ಕು ಸಾಲು ಜಾಗ ಹಕ್ಕಿಗೆ ಕೊಡಿ. ಊರು, ದಿನ, ಹಕ್ಕಿ, ಎಷ್ಟು, ಸುತ್ತಲ ಬೆಳೆ. ವಿಶೇಷಣ ಬೇಡ, ಅತಿಥಿ ಬೇಡ, ಸೈಬೀರಿಯಾ ಅಂತೂ ಬೇಡವೇ ಬೇಡ. ಓದುಗರು ಕಳಿಸಿದ್ದನ್ನು ನೋಡಿ ತಿದ್ದಿ ಕೊಡುವ ಕೆಲಸ ನಾನು ಮಾಡುತ್ತೇನೆ, ದುಡ್ಡು ಕೊಡಬೇಕಿಲ್ಲ. ಪತ್ರಿಕೆಯಲ್ಲಿ ಅಚ್ಚಾದರೆ ಒಂದು ಅನುಕೂಲ ಇದೆ. ಒಬ್ಬರ ಮನೆಯ ಪ್ರತಿ ರದ್ದಿಗೆ ಹೋದರೂ ಇನ್ನೊಬ್ಬರ ಮನೆಯಲ್ಲಿ, ಗ್ರಂಥಾಲಯದಲ್ಲಿ ಉಳಿದಿರುತ್ತದೆ.

ಶುರುವಿಗೆ ಈ ವರ್ಷದ ನನ್ನದೇ ಲೆಕ್ಕ ಕಳಿಸುತ್ತಿದ್ದೇನೆ, ಜಾಗ ಇದ್ದರೆ ಹಾಕಿ:

ಸುರಪುರ, ಆಗಸ್ಟ್ 23: ಗುಲಾಬಿ ಕಬ್ಬಕ್ಕಿ, ಈ ವರ್ಷದ ಮೊದಲ ಗುಂಪು, 37. ಎಲ್ಲವೂ ದೊಡ್ಡವು. ಸುತ್ತ ಹೆಸರು, ತೊಗರಿ.

ಬೋನಾಳ, ಡಿಸೆಂಬರ್ 4: ಪಟ್ಟೆತಲೆ ಹೆಬ್ಬಾತು, 112. ಸಂಜೆ ಕಡಲೆ ಹೊಲದ ಕಡೆ ಹೋದವು.

ಬೋನಾಳ, ಅದೇ ದಿನ: ಬಣ್ಣದ ಕೊಕ್ಕರೆ, 6. ನಿಮ್ಮ ಫೋಟೊದವೇ ಇರಬೇಕು.

ಇಂತಿ,
ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕಿ,
ಸುರಪುರ, ಯಾದಗಿರಿ ಜಿಲ್ಲೆ